ಕಿಟಕಿ ಬದಿಯ ಹಲಸು

ಮಂಗಳೂರಿನಿಂದ ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ ಮಡಿಲ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಕೂತರೆ ಕಂಡಕ್ಟರು ಸುಮ್ಮನೆ ಹೋಗುವುದಿಲ್ಲ. ಕೇಕಾ ಎಂದು ಕೇಳಿದ. ಆ್ಯಂಟೆನಾ ಎಂದೆ. ಈ ಕಾಲದಲ್ಲಿ ಯಾರ ಮನೆ ಮಾಡಿನಲ್ಲಿ ಆ್ಯಂಟೆನಾ ಉಂಟು ಎಂದು ನಕ್ಕು, ಕುಂಬಳೆಗೆ ಚೀಟಿ ಹರಿದು ಕೊಟ್ಟ. ಮೇ ತಿಂಗಳ ಮೊದಲ ವಾರ. ಬೆಳಗ್ಗೆ ಏಳಕ್ಕೇ ಸೆಕೆ ಬೆನ್ನಿಗಂಟಿತ್ತು. ತಲಪಾಡಿ ದಾಟಿದ ಮೇಲೆ ಹೆದ್ದಾರಿ ಕೆಲಸದ ಧೂಳು ಕಿಟಕಿಯಿಂದ ನುಗ್ಗಿತು. ನಾನು ಸೆರಗನ್ನು ಮೂಗಿಗೆ ಹಿಡಿಯುವ ಬದಲು ಪೆಟ್ಟಿಗೆಯ ಮೇಲೆ ಹೊದೆಸಿದೆ. ಅಷ್ಟು ಅಕ್ಕರೆ ಅದರ ಮೇಲೆ.

ಪೆಟ್ಟಿಗೆಯೊಳಗೆ ಇದ್ದದ್ದು ನಾನೇ ವಿನ್ಯಾಸ ಮಾಡಿದ ಫಲಕ. ನಾನು ಮಂಗಳೂರು ಬದಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ಫಲಕವನ್ನು ನೋಡಿದರೆ ತಟ್ಟೆಯಲ್ಲಿ ಕೊಯ್ದಿಟ್ಟ ಕೊಬ್ಬರಿ ಮಿಠಾಯಿಯ ಹಾಗೆ ಕಾಣುತ್ತದೆ: ಒಂದು ಹಲಗೆ, ಅದರ ಮೇಲೆ ಸಾಲು ಸಾಲಾಗಿ ತಾಮ್ರದ ಪುಟ್ಟ ಚೌಕಗಳು. ಎಲ್ಲ ಚೌಕಗಳೂ ಒಟ್ಟಿಗೆ ತರಂಗ ಬಿಟ್ಟರೆ ಸಿಗ್ನಲ್ ನೇರ ಮುಂದಕ್ಕೆ ಹೋಗುತ್ತದೆ. ಒಂದಾದ ಮೇಲೊಂದು ಒಂದಿಷ್ಟು ತಡವಾಗಿ ಬಿಡುವಂತೆ ಮಾಡಿದರೆ ಸಿಗ್ನಲಿನ ಕಟ್ಟು ಟಾರ್ಚಿನ ಬೆಳಕಿನ ಹಾಗೆ ಪಕ್ಕಕ್ಕೆ ತಿರುಗುತ್ತದೆ. ಫಲಕ ಅಲುಗುವುದಿಲ್ಲ, ಮೋಟಾರು ಬೇಡ. ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ ಬದಲಿಸಿದರೆ ಈ ಮನೆಯಿಂದ ಆ ಮನೆಗೆ ತಿರುಗುತ್ತದೆ. ಗುಡ್ಡ ಕಣಿವೆಗಳ ಊರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ ಎಂದು ನಾನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಕುಂಬಳೆಯಲ್ಲಿ ಇಳಿದು ಬದಿಯಡ್ಕದ ಖಾಸಗಿ ಬಸ್ಸು ಹಿಡಿದೆ. ಸೀತಾಂಗೋಳಿ, ನೀರ್ಚಾಲು ದಾಟುವಾಗ ಬಸ್ಸಿನಲ್ಲಿ ಮಲಯಾಳ, ತುಳು, ಕನ್ನಡ, ಬ್ಯಾರಿ ಎಲ್ಲವೂ ಒಟ್ಟೊಟ್ಟಿಗೆ ನಡೆದಿತ್ತು. ಯಾರು ಯಾರಿಗೆ ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾರೆಂದು ಹೇಳಲಾಗದು. ಬದಿಯಡ್ಕದ ಪೇಟೆಯಲ್ಲಿ ಈಶ್ವರ ಮಾಸ್ತ್ರು ಕೊಡೆ ಹಿಡಿದು ಕಾಯುತ್ತಿದ್ದರು. ನೆಕ್ರಾಜೆಯವರು, ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಈಗ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಬರುವ ಗುಂಪೊಂದರಲ್ಲಿ ಇದ್ದಾರೆ. ನನ್ನನ್ನು ಕರೆಸಿದ್ದು ಅವರೇ. ಹೋಟೆಲಿನಲ್ಲಿ ಬನ್ಸು, ಚಹಾ ಆಯಿತು. ಅಲ್ಲೇ ಕೂತು ಅವರು ಆ ಮನೆಯ ಕತೆ ಹೇಳಿದರು.

ಎಣ್ಮಕಜೆಯ ಒಂದು ಗುಡ್ಡದ ಬುಡದ ತಗ್ಗಿನಲ್ಲಿ ಮನೆ. ಮನೆಯ ಯಜಮಾನ ಮಹಮ್ಮದ್, ಊರಿಗೆಲ್ಲ ಮಮ್ಮದಿಚ್ಚ. ಮನೆಮನೆಯಿಂದ ಅಡಿಕೆ ಖರೀದಿ ಮಾಡಿ ಬದಿಯಡ್ಕಕ್ಕೆ ತಂದು ಮಾರುತ್ತಾರೆ. ಹೆಂಡತಿ ಐಸಮ್ಮ. ಒಬ್ಬಳೇ ಮಗಳು ಸಫಿಯಾ, ಮೂವತ್ತರ ಹತ್ತಿರ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಹುಳ ಕೊಲ್ಲುವ ವಿಷದ ಮದ್ದು ಬಿಡುತ್ತಿದ್ದ ಕಾಲದಲ್ಲಿ ಹುಟ್ಟಿದವಳು. ಕೈಕಾಲು ಹಿಡಿತದಲ್ಲಿಲ್ಲ, ಮಾತು ಬರುವುದಿಲ್ಲ. ಆದರೆ ಹೇಳಿದ್ದೆಲ್ಲ ಅರ್ಥವಾಗುತ್ತದೆ. ಮಾಸ್ತ್ರು ವರ್ಷಗಟ್ಟಲೆ ಸ್ಲೇಟು ಹಿಡಿದು ಅವಳಿಗೆ ಕನ್ನಡ ಅಕ್ಷರ ಕಲಿಸಿದ್ದರು. ಕಣ್ಣಿನಿಂದಲೇ ಉತ್ತರ ಹೇಳಿಸುವ ಕ್ರಮವನ್ನು ಮಂಗಳೂರಿನ ಒಬ್ಬ ಥೆರಪಿಸ್ಟ್ ವೀಡಿಯೋದಲ್ಲಿ ಕಲಿಸಲು ಒಪ್ಪಿದ್ದರು. ಜೀಪಿನಲ್ಲಿ ಅಷ್ಟು ದೂರ ಹೊತ್ತೊಯ್ದರೆ ಸಫಿಯಾಳಿಗೆ ಮೈಯೆಲ್ಲ ಬಿಗಿಯುತ್ತಿತ್ತು. ಮನೆಯಲ್ಲಾದರೆ ಫೋನಿಗೆ ಒಂದು ಗೆರೆಯೂ ಸಿಗದು. “ಅವಳಿಗೆ ಹೌದು, ಅಲ್ಲ ಅಂತ ಎರಡು ಮಾತು ಬಂದ್ರೆ ಸಾಕು ಮಾರಾಯ್ರೆ, ಉಳಿದದ್ದು ಮತ್ತೆ ನೋಡುವ” ಎಂದರು ಮಾಸ್ತ್ರು.

ಜೀಪು ಗುಡ್ಡ ಹತ್ತಿತು. ತುದಿಯಲ್ಲಿ ನೀರಿನ ಟ್ಯಾಂಕಿ. ರಸ್ತೆಯವರೆಗೆ ಬಂದಿದ್ದ ಇಂಟರ್ನೆಟ್ ಕೇಬಲನ್ನು ಮಾಸ್ತ್ರು ಅಲ್ಲಿಯವರೆಗೆ ಎಳೆಸಿಟ್ಟಿದ್ದರು. ಟ್ಯಾಂಕಿಯ ಗೋಡೆಗೆ ಫಲಕವನ್ನು ಕಣಿವೆಯತ್ತ ಮುಖ ಮಾಡಿ ಬಿಗಿದೆವು. ಅಲ್ಲಿಂದ ನೋಡಿದರೆ ಎಡಕ್ಕೆ ತಗ್ಗಿನಲ್ಲಿ ಮಮ್ಮದಿಚ್ಚರ ಹಂಚಿನ ಮಾಡು, ನೇರ ಕೆಳಗೆ ರಸ್ತೆಯ ತಿರುವು, ಬಲಕ್ಕೆ ಇಳಿಜಾರಿನುದ್ದಕ್ಕೂ ಗೇರು ತೋಟ. ಮೊದಲು ಕಟ್ಟನ್ನು ನೇರಕ್ಕೆ ಬಿಟ್ಟು ತಿರುವಿನಲ್ಲಿ ಪರೀಕ್ಷಿಸಿದೆವು. ನನ್ನ ಕೈಯಲ್ಲಿ ಒಂದು ಪುಟ್ಟ ಯಂತ್ರ ಇತ್ತು, ಸಿಗ್ನಲ್ ಜೋರಾದಷ್ಟೂ ಬೇಗ ಬೇಗ ಕೂಗುವಂಥದ್ದು. ತಿರುವಿನಲ್ಲಿ ಅದು ಒಂದೇ ಸಮನೆ ಕೂಗಿತು. ಮಾಸ್ತ್ರು ಚಪ್ಪಾಳೆ ತಟ್ಟಿದರು. ನಾನು ಉಬ್ಬಿ ಹೋದೆ.

ಆಮೇಲೆ ಕಟ್ಟನ್ನು ಎಡಕ್ಕೆ ತಿರುಗಿಸಿ, ಎಡಬದಿಯನ್ನೆಲ್ಲ ನಿಧಾನವಾಗಿ ತಡಕುತ್ತಿರುವಂತೆ ಕಂಪ್ಯೂಟರಿಗೆ ಹೇಳಿ, ಮನೆಗೆ ಇಳಿದೆವು. ಬಲಕ್ಕೂ ಒಮ್ಮೆ ತಡಕಿಸಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಮನೆ ಎಡಕ್ಕಿರುವಾಗ ಬಲಕ್ಕೆ ಹುಡುಕುವುದೇಕೆ ಎಂಬ ಜಾಣತನ ನನ್ನದು.

ಮನೆಯಂಗಳದಲ್ಲಿ ದೊಡ್ಡದೊಂದು ಬಕ್ಕೆ ಹಲಸಿನ ಮರ. ಅದರ ನೇರಕ್ಕೆ ಸಫಿಯಾಳ ಕಿಟಕಿ. ಅವಳ ಮಂಚ ಕಿಟಕಿಗೆ ತಾಗಿ ಇತ್ತು. ತೆಳ್ಳಗಿನ ಮುಖ, ಹೊಳೆಯುವ ಕಣ್ಣು. ನಾವು ಒಳಗೆ ಹೋದಾಗ ನಮ್ಮನ್ನು ಒಮ್ಮೆ ಚೆನ್ನಾಗಿ ನೋಡಿ ಮತ್ತೆ ಮರದ ಕಡೆ ತಿರುಗಿದಳು. ಬುಡದಿಂದ ಮೇಲಿನವರೆಗೆ ಹಣ್ಣು ತೂಗುತ್ತಿತ್ತು. ಕಿಟಕಿ ಬದಿಯ ಹಣ್ಣನ್ನು ಆ ಮನೆಯಲ್ಲಿ ಕೊಯ್ಯುವ ಹಾಗಿಲ್ಲವೆಂದು ಐಸಮ್ಮ ನಗುತ್ತಾ ಹೇಳಿದರು. ಅದು ಮಮ್ಮದಿಚ್ಚ ಮಾಡಿದ ಕಾನೂನು. ಮರದಲ್ಲೇ ಹಣ್ಣಾಗಿ ಬಿರಿದರೆ ಅಳಿಲು, ಕಾಜಾಣ, ಮಂಗ ಎಲ್ಲ ಬರುತ್ತವೆ, ಸಫಿಯಾಳಿಗೆ ಹೊತ್ತು ಹೋಗುತ್ತದೆ. ನೆಂಟರು ಬಂದು ಕೇಳಿದರೂ ಹಿಂಬದಿಯದ್ದೇ ಕೊಯ್ದು ಕೊಡುವುದು.

ನನ್ನ ಯಂತ್ರ ಆ ಅಂಗಳದಲ್ಲಿ ಎಲ್ಲಿ ಹಿಡಿದರೂ ಅಜೀರ್ಣವಾದವರ ಹಾಗೆ ಎಲ್ಲೋ ಒಮ್ಮೆ ಮಾತ್ರ ಸದ್ದು ಮಾಡಿತು. ಮಾಡಿಗೆ ಏಣಿ ಇಟ್ಟು ಹತ್ತಿದರೂ ಅಷ್ಟೇ. ಮಾಸ್ತ್ರು, ಮಮ್ಮದಿಚ್ಚ, ಐಸಮ್ಮ ಮೂವರೂ ನನ್ನ ಮುಖವನ್ನೇ ನೋಡುತ್ತಿದ್ದರು. ಗುಡ್ಡದ ಕಡೆ ನೋಡಿದೆ. ಟ್ಯಾಂಕಿಗೂ ಮನೆಗೂ ನಡುವೆ ಹಲಸು ಕೊಡೆ ಬಿಚ್ಚಿ ನಿಂತಿತ್ತು. ಮರದ ಎಲೆ ಸಿಗ್ನಲನ್ನು ನುಂಗುತ್ತದೆಂಬುದು ನಿಜ. ಆದರೆ ಮಾಸ್ತ್ರು ಮೊದಲೇ ಕಳಿಸಿದ್ದ ಚಿತ್ರ ನೋಡಿ, ಈ ಮರ ನುಂಗುವಷ್ಟನ್ನು ಲೆಕ್ಕಕ್ಕೆ ಸೇರಿಸಿಯೇ ನಾನು ಬಂದಿದ್ದೆ. ಅಂಗಳದಲ್ಲಿ ನಿಂತಾಗ ಅದು ನೆನಪಾಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಾಯಿತು. ಲೆಕ್ಕದಲ್ಲಿ ಮರವನ್ನು ಸಣ್ಣದೆಂದು ಎಣಿಸಿರಬೇಕು ಅಂದುಕೊಂಡೆ. ಫಲಕದ ಮೇಲೆ ಸಂಶಯ ಪಡುವುದಕ್ಕಿಂತ ಮರದ ಮೇಲೆ ಸಂಶಯ ಪಡುವುದು ಸುಲಭವಾಗಿತ್ತು.

ಮರ ಅಡ್ಡ ಇದೆ, ಅದೇ ತೊಂದರೆ ಎಂದೆ.

ಮಮ್ಮದಿಚ್ಚ ತಲೆಯೆತ್ತಿ ಮರವನ್ನು ನೋಡಿದರು. “ಗೆಲ್ಲು ಮಾತ್ರ ಕಡ್ದ್ರೆ ಆಗುದಿಲ್ವ ಟೀಚರ್?” ಎಂದು ಕೇಳಿದರು.

“ಗೆಲ್ಲು ಸಾಕಾಗ್ಲಿಕ್ಕಿಲ್ಲ” ಎಂದೆ.

“ಖಂಡಿತವಾ?”

“ಖಂಡಿತ.”

ಆ ಊರಿನಲ್ಲಿ ಕಾಲೇಜು ಕಲಿಸುವವಳೂ ಟೀಚರೇ, ಟೀಚರು ಖಂಡಿತ ಎಂದರೆ ಅದು ಖಂಡಿತವೇ. ನಾನು ಕಡಿಯಿರಿ ಎಂದು ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಫಲಕ ಆರಿಸಿ ಜೀಪು ಹತ್ತಿ ಬದಿಯಡ್ಕದ ಲಾಡ್ಜಿಗೆ ಬಂದು, ಗಂಜಿ ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿದೆ.

ಮರುದಿನ ನಾವು ತಲಪುವಾಗ ಮರ ನೆಲದಲ್ಲಿತ್ತು. ಬೆಳಕು ಹರಿಯುವಾಗಲೇ ಮಮ್ಮದಿಚ್ಚ ಗರಗಸದ ಯಂತ್ರ ತಂದು ತಾವೇ ಕಡಿದಿದ್ದರು. ಆಳನ್ನು ಕರೆಯಲಿಲ್ಲವಂತೆ. ಅಂಗಳದ ತುಂಬ ಎಲೆ, ಹಾಲಿನ ಅಂಟು, ಒಡೆದ ಹಣ್ಣಿನ ಪರಿಮಳ. ಕಿಟಕಿ ಬದಿಯ ಹಣ್ಣುಗಳನ್ನು ಅವರು ಬೇರೆಯಾಗಿ ಜಗಲಿಯಲ್ಲಿ ಸಾಲಾಗಿ ಇಟ್ಟಿದ್ದರು. ಒಳಗೆ ಹೋದರೆ ಸಫಿಯಾಳ ಮುಖದ ಮೇಲೆ ನೇರ ಬಿಸಿಲು ಬಿದ್ದು ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಐಸಮ್ಮ ಕಿಟಕಿಗೆ ಅಡ್ಡವಾಗಿ ಒಂದು ಹಳೆಯ ಲುಂಗಿ ಕಟ್ಟುತ್ತಿದ್ದರು. ನನ್ನನ್ನು ಕಂಡು, ಬಿಸಿಲು ಜೋರಲ್ಲವಾ ಎಂದಷ್ಟೇ ಹೇಳಿ ಚಹಾ ಮಾಡಲು ಹೋದರು.

ಆ ದಿನ ಮಧ್ಯಾಹ್ನದವರೆಗೆ ಗುಡ್ಡಕ್ಕೂ ಮನೆಗೂ ಹತ್ತಿ ಇಳಿದೆ. ಸಿಗ್ನಲ್ ಒಂದಿಷ್ಟು ಏರಿತ್ತು, ವೀಡಿಯೋ ಬರುವಷ್ಟಿಲ್ಲ. ಮಮ್ಮದಿಚ್ಚ ಅಡಿಕೆ ಖರೀದಿಗೂ ಹೋಗದೆ ಜಗಲಿಯಲ್ಲಿ ಕೂತು ಕತ್ತಿಯಿಂದ ಕೈಯ ಹಾಲಂಟು ಕೆರೆಯುತ್ತಿದ್ದರು. ಊಟಕ್ಕೆ ಅಕ್ಕಿಯ ಪತ್ತಿರಿ, ಮೀನು ಸಾರು ಮಾಡಿದ್ದರು, ಮಾಸ್ತ್ರಿಗೆಂದು ಬೇರೆ ಪಾತ್ರೆಯಲ್ಲಿ ಗಂಜಿ, ಉಪ್ಪಿನಕಾಯಿ. ಊಟ ಮುಗಿಸಿ ಮತ್ತೆ ಗುಡ್ಡ ಹತ್ತಿದೆವು. ರಾತ್ರಿಯಿಡೀ ಫಲಕ ಚಾಲೂ ಇರಲಿ, ಏರಿಳಿತ ನೋಡೋಣ ಎಂದು ಏನೋ ಒಂದು ನೆಪ ಹೇಳಿ, ಕಟ್ಟನ್ನು ಎಡಕ್ಕೆ ಮನೆಯತ್ತ ನಿಲ್ಲಿಸಿ ಹೊರಟೆ. ಜೀಪಿನವನು ಗೇರು ತೋಟದ ಕೆಳಗೆ ಬಾಡಿಗೆಗೆ ಹೋಗಿದ್ದನಾದ್ದರಿಂದ ಮಾಸ್ತ್ರೂ ನಾನೂ ತೋಟದೊಳಗಿನ ದಾರಿಯಲ್ಲಿ ನಡೆದು ಇಳಿದೆವು.

ಗೇರುಹಣ್ಣು ಉದುರಿ ಹುಳಿ ವಾಸನೆ ಬರುತ್ತಿತ್ತು. ಜನರಿರಲಿಲ್ಲ. ಅರ್ಧ ದಾರಿ ಇಳಿದಾಗ ನನ್ನ ಚೀಲದೊಳಗಿನಿಂದ ಆ ಯಂತ್ರ ಕೂಗಲು ಶುರುಮಾಡಿತು. ಆರಿಸಲು ಮರೆತಿದ್ದೆ. ಹೊರಗೆ ತೆಗೆದೆ. ನಿನ್ನೆ ರಸ್ತೆಯ ತಿರುವಿನಲ್ಲಿ ಕೂಗಿದ ಹಾಗೆಯೇ, ಉಸಿರು ಬಿಡದೆ ಕೂಗುತ್ತಿತ್ತು. ನಾನು ನಿಂತಲ್ಲೇ ನಿಂತೆ. ತಲೆಯೆತ್ತಿದರೆ ಎಲೆಗಳ ನಡುವಿನಿಂದ ಟ್ಯಾಂಕಿ ಕಾಣುತ್ತಿತ್ತು. ಮನೆ ಎಡಕ್ಕೆ ಎಷ್ಟು ಓರೆಯೋ, ನಾವು ನಿಂತ ಜಾಗ ಬಲಕ್ಕೆ ಅಷ್ಟೇ ಓರೆ.

ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಪ್ರಯೋಗಶಾಲೆಯಲ್ಲಿ ಸಿಗ್ನಲ್ ಅಳೆಯುವ ಯಂತ್ರ ಒಂದೇ ಕಡೆ ನಿಂತಿರುತ್ತದೆ. ಫಲಕವನ್ನು ತಿರುಗುವ ಮೇಜಿನ ಮೇಲಿಟ್ಟು ತಿರುಗಿಸುತ್ತೇವೆ. ಮೇಜು ಬಲಕ್ಕೆ ತಿರುಗಿದಾಗ ಯಂತ್ರಕ್ಕೆ ತಾಗುವುದು ಫಲಕದ ಎಡಗಡೆಯ ಕಟ್ಟು. ನಾನು ಮೇಜಿನ ಕೋನವನ್ನೇ ಕಟ್ಟಿನ ಕೋನವೆಂದು ಬರೆದುಕೊಂಡಿದ್ದೆ. ಕನ್ನಡಿಯಲ್ಲಿ ನೋಡಿ ಇನ್ನೊಬ್ಬರ ಬೈತಲೆ ತೆಗೆದ ಹಾಗೆ ಎಡ ಬಲವಾಗಿತ್ತು, ಬಲ ಎಡವಾಗಿತ್ತು. ನೇರಕ್ಕೆ ಎಡಬಲವಿಲ್ಲ, ಹಾಗಾಗಿ ತಿರುವಿನ ಪರೀಕ್ಷೆಯಲ್ಲಿ ಸಿಕ್ಕಿಬೀಳಲಿಲ್ಲ. ಮೊದಲ ವರ್ಷದವರಿಗೆ ಈ ತಪ್ಪಿನ ಬಗ್ಗೆ ನಾನೇ ಎಚ್ಚರಿಕೆ ಹೇಳುವುದುಂಟು. ಎರಡು ದಿನ ನಾನು ಯಾರೂ ಇಲ್ಲದ ಗೇರು ತೋಟಕ್ಕೆ ಇಂಟರ್ನೆಟ್ ಸುರಿಸಿದ್ದೆ.

“ಎಂತ ಅದು, ಕೂಗುದು?” ಎಂದರು ಮಾಸ್ತ್ರು.

“ಎಂತ ಇಲ್ಲ” ಎಂದು ಯಂತ್ರ ಆರಿಸಿದೆ.

ಮಾಸ್ತ್ರು ನಡೆಯುತ್ತಾ, ಹೆಲಿಕಾಪ್ಟರು ಈ ಇಳಿಜಾರಿನ ಮೇಲೆಯೇ ಬರುತ್ತಿತ್ತು, ಮಕ್ಕಳು ನೋಡಲು ಓಡುತ್ತಿದ್ದವು ಎಂದು ಹೇಳಿದರು. ಮದ್ದಿನಿಂದ ಏನೂ ಆಗುವುದಿಲ್ಲವೆಂದು ಆಗಲೂ ಓದಿದವರು ಬಂದು ಹೇಳಿದ್ದರಂತೆ. ಅವರು ನನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ. ನನಗೆ ಮಾತ್ರ ಕಿವಿ ಬಿಸಿಯಾಯಿತು. ಬಿಸಿಲಿಗೆ ಎಂದುಕೊಂಡು ಅವರು ತಮ್ಮ ಕೊಡೆಯನ್ನು ನನ್ನ ಕಡೆಗೆ ವಾಲಿಸಿದರು.

ಲಾಡ್ಜಿನಲ್ಲಿ ಆ ರಾತ್ರಿ ನಿದ್ದೆ ಹತ್ತಿರ ಸುಳಿಯಲಿಲ್ಲ. ನಾಚಿಕೆಯಾದರೆ ಮೈಯೆಲ್ಲ ತುರಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಅದಕ್ಕಿಂತಲೂ ಕೆಟ್ಟ ಯೋಚನೆ ಇನ್ನೊಂದು ಬಂತು: ಲೆಕ್ಕದಲ್ಲಿ ಒಂದು ಪ್ಲಸ್-ಮೈನಸ್ ಚಿಹ್ನೆ ಬದಲಿಸಿದರೆ ಕೆಲಸ ಮುಗಿಯಿತು. ಮರ ಕಡಿದ ಮೇಲೆ ಸಿಗ್ನಲ್ ಬಂತು ಎಂದಾಗುತ್ತದೆ. ಯಾರಿಗೂ ತಿಳಿಯುವುದಿಲ್ಲ. ಎಷ್ಟು ದೂಡಿದರೂ ಆ ಯೋಚನೆ ಬೆಳಗಿನವರೆಗೆ ಹೋಗಲಿಲ್ಲ.

ಮೂರನೆಯ ದಿನ ಚಿಹ್ನೆ ಬದಲಿಸಿ ಮನೆಗೆ ಇಳಿದೆ. ಅಂಗಳಕ್ಕೆ ಕಾಲಿಡುವ ಮೊದಲೇ ಯಂತ್ರ ಕೂಗುತ್ತಿತ್ತು. ಬಂದ ಸಿಗ್ನಲ್ ಎಷ್ಟು ಜೋರೆಂದು ಅಳೆದು ನೋಡಿದೆ. ಮರಕ್ಕೆಂದು ನಾನು ಬಿಟ್ಟಿದ್ದ ಪಾಲನ್ನು ಕಳೆದು, ಅದರ ಎರಡರಷ್ಟು ಮತ್ತೆ ಕಳೆದರೂ ವೀಡಿಯೋಕ್ಕೆ ಧಾರಾಳವಾಗಿತ್ತು. ಎಲೆಯೊಂದನ್ನೂ ಕೀಳಬೇಕಾಗಿರಲಿಲ್ಲ.

ಥೆರಪಿಸ್ಟರ ಮುಖ ಕಂಪ್ಯೂಟರಿನ ಪರದೆಯಲ್ಲಿ ಮೂಡಿದಾಗ ಮಾಸ್ತ್ರು ಕನ್ನಡಕ ತೆಗೆದು ಒರೆಸಿಕೊಂಡರು. ಥೆರಪಿಸ್ಟ್ ಹೇಳಿಕೊಟ್ಟ ಹಾಗೆ ಐಸಮ್ಮ ಎರಡು ಬಣ್ಣದ ಕಾಗದ ಅಂಟಿಸಿದರು. ಗೋಡೆಯ ಬದಿಗೆ ಹಸಿರು, ಅದು ಹೌದು. ಕಿಟಕಿಯ ಬದಿಗೆ ಕೆಂಪು, ಅದು ಅಲ್ಲ. ನಿನ್ನ ಹೆಸರು ಸಫಿಯಾ ತಾನೇ ಎಂದು ಕೇಳಿದಾಗ ಅವಳ ಕಣ್ಣು ಬಹಳ ಕಷ್ಟಪಟ್ಟು ಗೋಡೆಯತ್ತ ಸರಿಯಿತು. ನಿನ್ನ ಹೆಸರು ಈಶ್ವರ ಮಾಸ್ತ್ರಾ ಎಂದಾಗ ಕಿಟಕಿಯತ್ತ ಸರಿಯಿತು, ಬಾಯಿ ನಗುವಿನಲ್ಲಿ ತೆರೆಯಿತು. ಮಮ್ಮದಿಚ್ಚ ಬಾಗಿಲಲ್ಲಿ ನಿಂತು ಅತ್ತರು. ನಾನು ಅಡುಗೆಮನೆಗೆ ಹೋದೆ.

ಅಡುಗೆಮನೆಗೂ ಸಫಿಯಾಳ ಕೋಣೆಗೂ ನಡುವೆ ಒಂದು ಬಟ್ಟೆಯ ಪರದೆ ಮಾತ್ರ, ಈ ಕಡೆಯ ಮಾತು ಆ ಕಡೆಗೆ ಕೇಳುತ್ತದೆ. ಪಾಠ ಮುಗಿಸಿ ಗಂಡಸರಿಬ್ಬರೂ ಜಗಲಿಗೆ ಹೋದ ಮೇಲೆ, ಹಾಲಿಲ್ಲದ ಸುಲೈಮಾನಿ ಚಹಾಕ್ಕೆ ನೀರಿಡಲು ಬಂದ ಐಸಮ್ಮನಿಗೆ ಎಲ್ಲ ಹೇಳಿದೆ. ಮೇಜಿನ ವಿಷಯವೆಲ್ಲ ಬಿಟ್ಟು ಇಷ್ಟೇ ಹೇಳಿದೆ: ತಪ್ಪು ನನ್ನದು, ಮರದ್ದಲ್ಲ, ಮರ ಇದ್ದಿದ್ದರೂ ಇದು ಬರುತ್ತಿತ್ತು, ಮಮ್ಮದಿಚ್ಚರಿಗೆ ಈಗಲೇ ಹೇಳಿ ಕ್ಷಮೆ ಕೇಳುತ್ತೇನೆ.

ಅವರು ಒಲೆಯ ಉರಿ ತಗ್ಗಿಸಿದರು. ಬೈಯುತ್ತಾರೆಂದು ಕಾದೆ, ಬೈದರೆ ಸಾಕಿತ್ತು.

“ಅವರಿಗೆ ಹೇಳ್ಬೇಡಿ ಟೀಚರ್” ಎಂದರು. “ಮದ್ದು ಬಿಡುವಾಗ ನಾನು ಬಸುರಿ. ನನ್ನನ್ನು ಇಲ್ಲಿಂದ ಕರ್ಕೊಂಡು ಹೋಗ್ಲಿಲ್ಲ ಅಂತ ಅವರಿಗೆ ಇವತ್ತಿಗೂ ಬೇಜಾರು ಉಂಟು. ಮಗಳಿಗೆ ತನ್ನ ಕೈಯಿಂದ ಒಂದು ಒಳ್ಳೇದಾಯ್ತು ಅಂತ ಇವತ್ತು ಅತ್ತದ್ದು ಅವರು. ಅದನ್ನು ತೆಗಿಬೇಡಿ.”

ನಾನು ಕ್ಷಮೆ ಕೇಳುವ ಧೈರ್ಯ ಮಾಡಿಕೊಂಡಿದ್ದೆ. ಕೇಳದೆ ಇರುವುದಕ್ಕೆ ತಯಾರಿರಲಿಲ್ಲ. ಸರಿ ಎಂದೆ. ಅವರು ಸಕ್ಕರೆ ಹಾಕಿ ಲೋಟ ಕೈಗೆ ಕೊಟ್ಟರು.

ಹೊರಡುವಾಗ ಸಫಿಯಾಳಿಗೆ ಹೇಳಿ ಬರಲು ಕೋಣೆಗೆ ಹೋದೆ. ಮಮ್ಮದಿಚ್ಚ ಜಗಲಿಯ ಸಾಲಿನಿಂದ ಒಂದು ಹಣ್ಣು ಎತ್ತಿಕೊಂಡು ಹಿಂದೆಯೇ ಬಂದರು. ಕಿಟಕಿ ಬದಿಯದ್ದು. ನೆಂಟರಿಗೂ ಕೊಡದ ಹಣ್ಣು. ಗೋಣಿಯಲ್ಲಿ ಹಾಕಿ ನನ್ನ ಕೈಗಿಟ್ಟರು.

“ನಾನು ಎರಡು ದಿನ ಮನಸ್ಸಲ್ಲೇ ಸಂಶಯ ಪಟ್ಟೆ ಟೀಚರ್, ತಪ್ಪು ತಿಳ್ಕೊಬೇಡಿ. ಮರವೇ ಅಲ್ವ ತೊಂದರೆ ಇದ್ದದ್ದು?”

ಪರದೆಯ ಆಚೆ ಐಸಮ್ಮನ ಪಾತ್ರೆಯ ಸದ್ದು ನಿಂತಿತು.

“ಹೌದು” ಎಂದೆ.

ಸಫಿಯಾ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಕಣ್ಣು ನಿಧಾನವಾಗಿ ಕಿಟಕಿಯತ್ತ ಸರಿದು, ಅಲ್ಲೇ ನಿಂತಿತು. ಕೆಂಪು ಕಾಗದದ ಮೇಲೆ ನಿಂತಿತೋ, ದಿನವೂ ಮರ ನೋಡುತ್ತಿದ್ದ ಅಭ್ಯಾಸದಿಂದ ಲುಂಗಿ ಕಟ್ಟಿದ ಕಿಟಕಿಯ ಮೇಲೆ ನಿಂತಿತೋ. ಮಮ್ಮದಿಚ್ಚ ನನ್ನ ಕಡೆ ತಿರುಗಿ ನಗುತ್ತಿದ್ದುದರಿಂದ ಅದನ್ನು ನೋಡಲಿಲ್ಲ.

ಜೀಪಿನಲ್ಲಿ ಮಾಸ್ತ್ರಿಗೆ ಹೇಳಿಬಿಟ್ಟೆ. ಅವರು ಬದಿಯಡ್ಕದಲ್ಲಿ ಬಸ್ಸು ಬಂದಾಗ ಗೋಣಿಯನ್ನು ಎತ್ತಿ ಕೊಡುತ್ತಾ, “ನೀವು ಹೇಳದೆ ಇದ್ದದ್ದು ಒಳ್ಳೇದಾಯ್ತಾ ಅಂತ ನನಗೆ ಗೊತ್ತಾಗುದಿಲ್ಲ” ಎಂದರು. ನನಗೂ ಗೊತ್ತಾಗಿಲ್ಲ. ಕುಂಬಳೆಯವರೆಗೂ ಹಣ್ಣು ಕಾಲ ಬುಡದಲ್ಲಿತ್ತು. ಬಸ್ಸಿನ ತುಂಬ ಪರಿಮಳ ಹರಡಿ ಜನ ತಿರುಗಿ ತಿರುಗಿ ನೋಡಿದರು, ಯಾವ ತೋಟದ್ದೆಂದು ಒಬ್ಬಾಕೆ ಕೇಳಿದರು. ಮನೆಯಲ್ಲಿ ಕೊಯ್ದು ತಿಂದೆವು. ಬಹಳ ಸಿಹಿ ಇತ್ತು, ಅದನ್ನೂ ಹೇಳಬೇಕು.

ಇಲ್ಲಿರುವ ಹೆಸರುಗಳು ಅವರ ನಿಜವಾದ ಹೆಸರುಗಳಲ್ಲ. ಮಮ್ಮದಿಚ್ಚ ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದುವುದು ಮಲಯಾಳ ಮಾತ್ರ. ಐಸಮ್ಮನೂ ಹಾಗೆಯೇ. ಅದು ಗೊತ್ತಿರುವುದರಿಂದಲೇ ಇದನ್ನು ಬರೆಯುವ ಧೈರ್ಯ ಬಂದದ್ದು, ಅದೂ ನನಗೆ ನಾಚಿಕೆಯೇ. ಆ ಮನೆಯಲ್ಲಿ ಕನ್ನಡ ಓದಲು ಬರುವುದು ಒಬ್ಬಳಿಗೆ. ಅವಳಿಗೆ ಇದು ಮೊದಲೇ ಗೊತ್ತು.